ದೊಡ್ಡವ್ವನ ಪಟದ ಕಿರುಬೆರಳು

ಸುಬೇದಾರ್ ಮನೆಯ ಹಜಾರದ ಕೆಂಪು ನೆಲದ ಮೇಲೆ ಇಬ್ಬರು ಗಂಡಸರು ಜರಡಿ ಹಿಡಿದು ಮಣ್ಣು ಉದುರಿಸುತ್ತಿದ್ದರು. ಕಾಫಿ ಲೋಟಗಳ ತಟ್ಟೆ ಹಿಡಿದು ಬಂದ ಚೋಮಿ ಬಾಗಿಲಲ್ಲೇ ನಿಂತಳು.

“ಎಂತ ಮಾಡ್ತಾ ಇದ್ದೀರಿ ನೀವು?”

“ನೆಲ ಹಳೇದಾಗಿ ಕಾಣ್ಬೇಕಮ್ಮ,” ಎಂದ ಒಬ್ಬ.

“ಹಳೇದೇ ಅಲ್ವಾ ಅದು? ನೂರು ವರ್ಷ ಆಯ್ತು.”

“ಹಳೇದು ಹೌದು, ಕಾಣಲ್ಲ. ಕನ್ನಡಿ ಥರ ಹೊಳೀತಾ ಇದೆ. ಕ್ಯಾಮೆರಾಕ್ಕೆ ಹೊಡೆಯುತ್ತೆ.”

ಇನ್ನೊಬ್ಬ ಏಣಿ ಹತ್ತಿ ಕಂಬದ ಮೂಲೆಗೆ ಒಂದು ಯಂತ್ರ ಹಿಡಿದ. ಅದರ ಬಾಯಿಂದ ಬಿಳಿ ಎಳೆ ಹೊರಟು ಜೇಡರ ಬಲೆಯಾಗಿ ಜೋತುಬಿತ್ತು. ಚೋಮಿಗೆ ಮೊದಲು ಗಾಬರಿ, ಆಮೇಲೆ ತಡೆಯಲಾಗದ ನಗು. ಆ ಮೂಲೆಯ ಬಲೆಯನ್ನು ಅವಳು ವಾರಕ್ಕೊಮ್ಮೆ ಉದ್ದ ಕೋಲಿನ ಪೊರಕೆಯಿಂದ ತೆಗೆಯುತ್ತ ಬಂದು ಐವತ್ತು ವರ್ಷವಾಗಿತ್ತು.

“ಮೊದ್ಲೇ ಹೇಳಿದ್ರೆ ಒಂದು ತಿಂಗಳು ನಾನು ಕೆಲಸಕ್ಕೆ ಬರ್ತಿರ್ಲಿಲ್ಲ. ನಿಮಗೆ ಬೇಕಾದದ್ದೆಲ್ಲ ತನ್ನಷ್ಟಕ್ಕೆ ಆಗ್ತಿತ್ತು,” ಎಂದು ಅವಳು ಲೋಟಗಳನ್ನು ಕೊಟ್ಟಳು.

ಬಿಟ್ಟಂಗಾಲದ ಹತ್ತಿರದ ಈ ಮನೆಯನ್ನು ಬ್ರಿಟಿಷರ ಕಾಲದ ಒಬ್ಬ ಸುಬೇದಾರರು ಕಟ್ಟಿಸಿದ್ದು. ಈಗಿನ ಯಜಮಾನರು ಅವರ ಮೊಮ್ಮಗ ಪೂವಯ್ಯ, ಎಪ್ಪತ್ತಮೂರು ವರ್ಷದವರು. ಅವರ ಸೊಸೆ ಸುಮಿತಾ ಮನೆಯ ಅರ್ಧವನ್ನು ಹೋಂಸ್ಟೇ ಮಾಡಿದ್ದಾಳೆ. ವಾರದ ಕೊನೆಗೆ ಕಾರುಗಳು ಬರುತ್ತವೆ. ಬಂದವರು ತೇಗದ ಮೆಟ್ಟಿಲಿನ ಮೇಲೆ, ಹಿತ್ತಾಳೆ ಕಟ್ಟಿದ ಕಂಬಗಳ ಪಕ್ಕದಲ್ಲಿ, ಕೋವಿಗಳ ಗೋಡೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ‘ಆ ಕಾಲದ ಕೆಲಸ ನೋಡಿ, ಇವತ್ತಿಗೂ ಹೇಗೆ ಹೊಳೆಯುತ್ತೆ!’ ಎನ್ನುತ್ತಾರೆ. ಆ ಕಾಲದ ಕೆಲಸ ಇವತ್ತಿಗೂ ಹೊಳೆಯಬೇಕಾದರೆ ಹಿತ್ತಾಳೆಗೆ ಹುಣಸೆಹುಳಿ ಮತ್ತು ಬೂದಿ, ನೆಲಕ್ಕೆ ತೆಂಗಿನ ಸಿಪ್ಪೆ ಮತ್ತು ಮೇಣ, ಮೆಟ್ಟಿಲಿಗೆ ಒಣಬಟ್ಟೆ, ಇವೆಲ್ಲದರ ಹಿಂದೆ ಒಂದು ಜೊತೆ ಮೊಣಕಾಲು ಬೇಕು. ಚೋಮಿಯ ಮೊಣಕಾಲುಗಳ ಚರ್ಮ ಪಾದದ ಹಿಮ್ಮಡಿಯಂತೆ ದಪ್ಪಗಾಗಿದೆ.

ಆದರೂ ಅವಳಿಗೆ ಈ ಮನೆಯ ಮೇಲೆ ಸಿಟ್ಟಿಲ್ಲ, ಕುತೂಹಲವಿದೆ. ರಾಜರ ಕಾಲದ ಧಾರಾವಾಹಿಗಳನ್ನು ಕಂಡರೆ ಇನ್ನೂ ಕುತೂಹಲ. ತೋಟದ ಕೆಲಸದವರ ಸಾಲುಮನೆಯಲ್ಲಿ, ಅಂದರೆ ‘ಲೈನ್’ನಲ್ಲಿ, ಮೂರನೆಯ ಮನೆ ಅವಳದು. ಸಂಜೆ ಟೀವಿಯಲ್ಲಿ ರಾಣಿಯರು ಬಂದರೆ ಅವಳು ಒಲೆಯ ಉರಿ ತಗ್ಗಿಸಿ ಕೂರುತ್ತಾಳೆ. ಜೊತೆಗಿರುವ ಮೊಮ್ಮಗಳು ಲಿಖಿತಾ ವಿರಾಜಪೇಟೆಯಲ್ಲಿ ಪಿಯುಸಿ ಓದುತ್ತಿದ್ದಾಳೆ.

“ಇಷ್ಟು ಹಣತೆ ಹಚ್ಚಿದ್ದಾರಲ್ಲ, ಎಣ್ಣೆ ಹಾಕಿದ್ದು ಯಾರು?” ಎಂದು ಕೇಳುತ್ತಾಳೆ ಚೋಮಿ.

“ಅಜ್ಜೀ, ಕಥೆ ನೋಡು.”

“ಕಥೆಯೇ ನೋಡ್ತಾ ಇರೋದು. ರಾಣಿ ಇಪ್ಪತ್ತು ಮಾರು ಸೀರೆ ಎಳ್ಕೊಂಡು ಹೋದ್ಲು. ಆ ಸೀರೆ ಒಗೆಯೋರು ಎಲ್ಲಿದ್ದಾರೆ? ಒಂದು ದಿನವೂ ತೋರ್ಸೋದಿಲ್ಲ.”

“ಮತ್ತೆ ಯಾಕೆ ದಿನಾ ನೋಡ್ತೀ?”

“ಯಾರೂ ಗುಡಿಸದೆ ಚೊಕ್ಕ ಇರೋ ಮನೆ ನೋಡ್ಲಿಕ್ಕೆ ಚಂದ ಅಲ್ವಾ?”

ಸುಬೇದಾರ್ ಮನೆಗೂ ಈಗ ಅಂಥದೇ ಒಂದು ಕಥೆಯ ಶೂಟಿಂಗ್ ಬಂದಿತ್ತು. ಹಳೆಯ ಕಾಲದ ಒಬ್ಬ ದೊಡ್ಡ ಮನೆಯ ಒಡತಿಯ ಕಥೆಯಂತೆ. ಅದಕ್ಕೆ ಹಜಾರದ ದೊಡ್ಡ ಪಟವೇ ಮುಖ್ಯ ಎಂದು ನಿರ್ದೇಶಕರು ಹೇಳಿದ್ದರು. ಆ ಮಾತು ಕೇಳಿದ ದಿನದಿಂದ ಚೋಮಿಯ ಎದೆಯಲ್ಲಿ ಹಳೆಯದೊಂದು ಮುಳ್ಳು ಮತ್ತೆ ಆಡತೊಡಗಿತ್ತು.

ಪಟದಲ್ಲಿರುವುದು ಸುಬೇದಾರರ ಹೆಂಡತಿ ಬೊಳ್ಳವ್ವ. ಮನೆಯವರಿಗೂ ಲೈನಿನವರಿಗೂ ಅವರು ದೊಡ್ಡವ್ವ. ಆಳೆತ್ತರದ ಎಣ್ಣೆಬಣ್ಣದ ಚಿತ್ರ, ಮೈಸೂರಿನಿಂದ ಬಂದ ಒಬ್ಬ ಚಿತ್ರಗಾರ ೧೯೩೭ರಲ್ಲಿ ಬರೆದದ್ದು. ತಲೆಗೆ ವಸ್ತ್ರ, ಕೊರಳಲ್ಲಿ ಜೋಮಾಲೆ, ಬಲಭುಜದ ಮೇಲೆ ಸೆರಗು. ದೊಡ್ಡವ್ವ ಕೆತ್ತನೆಯ ಕುರ್ಚಿಯಲ್ಲಿ ಕೂತಿದ್ದಾರೆ. ಮುಖ ಮಸುಕಾಗಿದೆ, ಎದೆಯಿಂದ ಕೆಳಗೆ ಬಣ್ಣ ಕಂದಿದೆ, ಮಡಿಲಿನ ಹತ್ತಿರ ಬರುವಾಗ ಎಲ್ಲವೂ ಕಪ್ಪು. ಕುರ್ಚಿಯ ತೋಳು, ಅದರ ಮೇಲಿನ ಕೈ ಏನೂ ಕಾಣುವುದಿಲ್ಲ.

ಚೋಮಿಯ ಅವ್ವ ಕಾಳಮ್ಮ ಹೇಳುತ್ತಿದ್ದಳು: “ಮುಖ ದೊಡ್ಡವ್ವಂದು. ಕೈ ನನ್ನ ಅವ್ವಂದು.”

ಕಾಳಮ್ಮನ ಅವ್ವ ಮಾರಿ ಈ ಮನೆಯ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದವಳು, ಅಂಗಳ ಗುಡಿಸುತ್ತಿದ್ದವಳು. ಆ ಕಾಲದಲ್ಲಿ ಅವಳ ಜಾತಿಯವರಿಗೆ ಮನೆಯೊಳಗೆ ಪ್ರವೇಶವಿರಲಿಲ್ಲ. ಕಾಳಮ್ಮ ಹೇಳುತ್ತಿದ್ದದ್ದು ಹೀಗೆ: ಚಿತ್ರಗಾರ ಬಂದದ್ದು ಕಾಫಿ ಕುಯ್ಲಿನ ಕಾಲದಲ್ಲಿ. ದೊಡ್ಡವ್ವ ಎರಡು ಬೆಳಿಗ್ಗೆ ಮುಖಕ್ಕೆ ಕೂತರು. ಮೂರನೆಯ ದಿನ ‘ನಾನು ಇಲ್ಲಿ ಬೊಂಬೆ ಹಾಗೆ ಕೂತ್ರೆ ನಲವತ್ತು ಜನರ ಊಟ ಯಾರು ನೋಡೋದು? ಒಣಹಾಕಿದ ಕಾಫಿ ಯಾರು ತಿರುವಿಸೋದು?’ ಎಂದು ಎದ್ದುಬಿಟ್ಟರು. ಚಿತ್ರಗಾರನಿಗೆ ಕೈ ಬಾಕಿ, ಸೀರೆ ಬಾಕಿ. ಅಲ್ಲಾಡದೆ ಕೂರಲು ಯಾರಾದರೂ ಬೇಕಿತ್ತು. ಮನೆಯಲ್ಲಿ ಕೈ ಖಾಲಿ ಇರುವ ಹೆಂಗಸು ಒಬ್ಬಳೂ ಇರಲಿಲ್ಲ. ಏಳು ತಿಂಗಳ ಬಸುರಿ ಮಾರಿ ಮಾತ್ರ ಮೂಟೆ ಎತ್ತಲಾರಳು, ಬಗ್ಗಲಾರಳು. ಅವಳಿಗೇ ದೊಡ್ಡವ್ವನ ರೇಷ್ಮೆ ಸೀರೆ ಉಡಿಸಿ, ಬಳೆ ತೊಡಿಸಿ, ಮೊದಲ ಸಲ ಹಜಾರದೊಳಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ನಾಲ್ಕು ದಿನ. ಅವಳು ಉಟ್ಟ ಸೀರೆಯನ್ನು ಮತ್ತೆ ದೊಡ್ಡವ್ವ ಉಡುವಂತಿಲ್ಲವಲ್ಲ, ಅದನ್ನು ಅವಳಿಗೇ ಕೊಟ್ಟರು. ಅವಳು ಕೂತ ಕುರ್ಚಿಯನ್ನು ಹಿತ್ತಿಲಿಗೆ ಸಾಗಿಸಿ ತೊಳೆಸಿದರು. ತೊಳೆದದ್ದೂ ಅವಳೇ.

“ಆ ಸೀರೆಯಲ್ಲೇ ನನ್ನ ತೊಟ್ಟಿಲು ಕಟ್ಟಿದ್ದು,” ಎನ್ನುತ್ತಿದ್ದಳು ಕಾಳಮ್ಮ. “ಪಟದಲ್ಲಿ ನಾನೂ ಇದ್ದೇನೆ, ಹೊಟ್ಟೆಯೊಳಗೆ.”

ಲೈನಿನಲ್ಲಿ ಈ ಕಥೆಗೆ ‘ಕಾಳಮ್ಮನ ಬಡಾಯಿ’ ಎಂದೇ ಹೆಸರು. ಯಾರಾದರೂ ಸುಳ್ಳು ಹೇಳಿದರೆ ‘ಹೌದೌದು, ಪಟದ ಕೈ ನಿನ್ನ ಅಜ್ಜೀದು’ ಎಂದು ನಗುತ್ತಿದ್ದರು. ಹನ್ನೆರಡು ವರ್ಷಕ್ಕೆ ಅವ್ವನ ಹಿಂದೆ ಕೆಲಸಕ್ಕೆ ಬಂದ ಚೋಮಿ ಮೊದಲ ದಿನವೇ ಪಟದ ಮುಂದೆ ನಿಂತಿದ್ದಳು. ‘ಎಲ್ಲಿ ಕೈ? ತೋರ್ಸು.’ ಕಾಳಮ್ಮ ತೋರಿಸಿದ ಕಡೆ ಬರೀ ಮಸಿ. ಶಾಲೆಯಲ್ಲಿ, ಲೈನಿನಲ್ಲಿ ತಿಂದ ತಮಾಷೆಯೆಲ್ಲ ಒಟ್ಟಾಗಿ ಚೋಮಿಯ ಬಾಯಿಂದ ಬಂತು: “ನೀನು ಸುಳ್ಳುಗಾತಿ, ಅವ್ವ.”

ಕಾಳಮ್ಮ ಪೊರಕೆ ಎತ್ತಿಕೊಂಡು ಅಂಗಳಕ್ಕೆ ಹೋದಳು. ಮುಂದೆ ಸಾಯುವವರೆಗೆ ಆ ಕಥೆಯನ್ನು ಮತ್ತೆ ಎತ್ತಲಿಲ್ಲ.

ಮಾರಿಯ ಒಂದು ಫೋಟೋ ಇಲ್ಲ. ಹೂತ ಜಾಗದಲ್ಲಿ ಈಗ ಸಿಲ್ವರ್ ಮರಗಳಿವೆ. ಅವಳಿಂದ ಉಳಿದದ್ದು ಒಂದೇ: ಬಲಗೈ ಕಿರುಬೆರಳು. ತುದಿಯ ಗೆಣ್ಣಿನಲ್ಲಿ ಒಳಕ್ಕೆ ಬಾಗಿ, ಪಕ್ಕದ ಬೆರಳಿಗೆ ಏನೋ ಗುಟ್ಟು ಹೇಳುವಂತೆ ವಾಲಿದ ಸೊಟ್ಟ ಬೆರಳು. ಕಾಳಮ್ಮನಿಗೂ ಹಾಗೆಯೇ ಇತ್ತು. ಚೋಮಿಗೂ ಹಾಗೆಯೇ ಇದೆ. ‘ನನ್ನ ಅವ್ವನ ಬೆರಳು’ ಎಂದು ಕಾಳಮ್ಮ ಅದನ್ನು ಹಿಡಿದು ಆಡಿಸುತ್ತಿದ್ದಳು. ಆ ಕಪ್ಪಿನ ಕೆಳಗೆ ಸೊಟ್ಟ ಬೆರಳಿದ್ದರೆ ಅವ್ವ ಹೇಳಿದ್ದು ನಿಜ. ನೆಟ್ಟಗಿದ್ದರೆ ಅವ್ವ ಬಡಾಯಿಗಾತಿ. ಅರವತ್ತಮೂರನೆಯ ವಯಸ್ಸಿನಲ್ಲಿ ಚೋಮಿಗೆ ತಿಳಿಯಬೇಕಾಗಿದ್ದದ್ದು ಇಷ್ಟೇ.

ಪಟ ಸ್ವಚ್ಛ ಮಾಡಲು ಬಂದವಳು ಹಂಸಿನಿ, ಮಡಿಕೇರಿಯ ಒಬ್ಬ ಮೇಷ್ಟ್ರ ಮಗಳು. ಹಳೆಯ ಚಿತ್ರಗಳನ್ನು ಸರಿಮಾಡುವುದನ್ನೇ ಓದಿಕೊಂಡವಳಂತೆ. ಪಟವನ್ನು ಗೋಡೆಯಿಂದ ಇಳಿಸಿ ಕಿಟಕಿಯ ಹತ್ತಿರ ಒರಗಿಸಿ ನಿಲ್ಲಿಸಿದಳು. ಕಡ್ಡಿಯ ತುದಿಗೆ ಹತ್ತಿ ಸುತ್ತಿದಳು. ಆ ಹತ್ತಿಯನ್ನು ಬಾಯೊಳಗೆ ಇಟ್ಟು ಒದ್ದೆ ಮಾಡಿ ದೊಡ್ಡವ್ವನ ಹಣೆಯ ಮೇಲೆ ಮೆಲ್ಲಗೆ ಉರುಳಿಸಿದಳು.

ಕಸ ಗುಡಿಸುತ್ತಿದ್ದ ಚೋಮಿಯ ಪೊರಕೆ ನಿಂತಿತು. “ಅಯ್ಯಯ್ಯೋ, ಎಂಜಲಲ್ವಾ ಅದು?”

“ಹೌದು ಚೋಮಕ್ಕ. ಧೂಳು ತೆಗೆಯೋಕೆ ಉಗುಳಿನಷ್ಟು ಒಳ್ಳೇದು ಯಾವುದೂ ಇಲ್ಲ. ದೊಡ್ಡ ದೊಡ್ಡ ಅರಮನೆ ಚಿತ್ರಗಳಿಗೂ ಹೀಗೇ ಮಾಡೋದು.”

“ದೊಡ್ಡವ್ವನ ಮುಖಕ್ಕೆ?”

“ರಾಜನ ಮುಖಕ್ಕೂ.”

ಚೋಮಿ ಹತ್ತಿರ ಬಂದು ನೋಡಿದಳು. ಹತ್ತಿ ಕಂದಾಯಿತು, ಹಣೆ ಬೆಳಗಾಯಿತು. ಅಂಗಳದಿಂದ ಬಂದ ಮಗುವಿನ ಮುಖವನ್ನು ಸೆರಗಿನ ತುದಿ ಒದ್ದೆ ಮಾಡಿ ಒರೆಸಿದ ಹಾಗೆ. ಪ್ರಪಂಚದ ಎಲ್ಲ ತಾಯಂದಿರಿಗೂ ಗೊತ್ತಿರುವ ಕೆಲಸಕ್ಕೆ ಓದು ಬೇರೆ ಬೇಕಾಯಿತಲ್ಲ ಎಂದು ಅವಳಿಗೆ ಮೋಜೆನಿಸಿತು.

ಆದರೆ ಕೊರಳಿನಿಂದ ಕೆಳಗೆ ಉಗುಳಿನ ಆಟ ನಡೆಯಲಿಲ್ಲ. ಹಂಸಿನಿ ಮೂಗು ಹತ್ತಿರ ತಂದು ಮೂಸಿದಳು. ಅಷ್ಟರಲ್ಲಿ ಸುಮಿತಾ ಬಂದಳು.

“ಇದು ಬರೀ ಧೂಳಲ್ಲ ಸುಮಿತಾ ಅವರೇ. ಎಣ್ಣೆ. ವರ್ಷಗಟ್ಟಲೆ ಯಾರೋ ಎಣ್ಣೆ ಹಚ್ಚಿದ್ದಾರೆ.”

“ಎಣ್ಣೆಯಾ? ಪೇಂಟಿಂಗಿಗೆ ಎಣ್ಣೆ ಹಚ್ಚೋರು ಯಾರು, ಬುದ್ಧಿ ಇಲ್ದೋರು!” ಎಂದಳು ಸುಮಿತಾ. “ಚೋಮಿ, ನಿನಗೆ ಗೊತ್ತುಂಟಾ?”

ಚೋಮಿ ಪೊರಕೆಯ ಹಿಡಿಯನ್ನು ನೋಡಿದಳು. “ಒಲೆ ಹೊಗೆ ಇರ್ಬೇಕು ಅಕ್ಕ.”

ಅದು ಹೊಗೆಯಲ್ಲ ಎಂದು ಚೋಮಿಯಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ನಾಟಿ ಮುಗಿದ ಮೇಲೆ ಬರುವ ಕೈಲ್‌ಮುಹೂರ್ತದ ಹಬ್ಬದಲ್ಲಿ ಮನೆಯ ಕೋವಿ, ಕತ್ತಿಗಳನ್ನೆಲ್ಲ ಇಳಿಸಿ ಒರೆಸಿ, ಎಣ್ಣೆ ಸವರಿ ಪೂಜೆಗೆ ಇಡುತ್ತಾರೆ. ಪೂಜೆ ಗಂಡಸರದು, ಒರೆಸುವುದು ಹೆಂಗಸರದು. ಒಂದು ವರ್ಷ ಮುದುಕಿಯಾಗಿದ್ದ ದೊಡ್ಡವ್ವ ಗೋಡೆಯ ತನ್ನ ಪಟವನ್ನು ತೋರಿಸಿ, ‘ಕಾಳೀ, ಕೋವಿಯಷ್ಟೂ ಬೆಲೆ ಇಲ್ವಾ ನನಗೆ? ಇದಕ್ಕೂ ಒಂದು ಕೈ ಎಣ್ಣೆ ಹಚ್ಚು’ ಎಂದರಂತೆ. ತಮಾಷೆಗೆ ಹೇಳಿದರೋ, ನಿಜಕ್ಕೋ. ಕಾಳಮ್ಮ ಹಚ್ಚಿದಳು. ಪಟ ಒಂದು ದಿನ ಫಳಫಳ ಹೊಳೆಯಿತು. ಅದು ಪದ್ಧತಿಯಾಯಿತು. ಕಾಳಮ್ಮನ ನಂತರ ಚೋಮಿ ಪ್ರತಿವರ್ಷ ತೆಂಗಿನೆಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ಪಟ ಒರೆಸಿದಳು. ಮುಖ ಎತ್ತರದಲ್ಲಿತ್ತು, ಕೈಗೆ ಅಷ್ಟಾಗಿ ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ಮಡಿಲು, ಕುರ್ಚಿ, ಕೈ. ಕಾಳಮ್ಮನಂತೂ ಕೈ ಇದೆ ಎಂದ ಜಾಗಕ್ಕೆ ಎರಡು ಸಲ ಹಚ್ಚುತ್ತಿದ್ದಳು. ಪ್ರೀತಿಗೆ.

ಅವ್ವ ತನ್ನ ಸಾಕ್ಷಿಯನ್ನು ತಾನೇ ಮುಚ್ಚಿದ್ದಳು. ಉಳಿದದ್ದನ್ನು ಮಗಳು ಮುಚ್ಚಿದ್ದಳು.

ಮಧ್ಯಾಹ್ನ ಊಟ ತಂದುಕೊಟ್ಟಾಗ ಚೋಮಿ ಕೇಳಿದಳು: “ಕೈ ತನಕ ಯಾವಾಗ ಬರ್ತೀರಿ ಅಮ್ಮ?”

“ಕೈಗೆ ಬರೋದಿಲ್ಲ. ನಾಲ್ಕೇ ದಿನ ಇರೋದು. ಮುಖ, ಒಡವೆ, ಸೆರಗು ಅಷ್ಟೇ. ಕೆಳಗಿನ ಭಾಗ ಸೋಫಾದ ಹಿಂದೆ ಹೋಗುತ್ತೆ, ಕ್ಯಾಮೆರಾಕ್ಕೆ ಕಾಣೋದಿಲ್ಲವಂತೆ.”

ಚೋಮಿ ನೀರಿನ ಲೋಟ ಇಟ್ಟಳು. ಹೋಗಲಿಲ್ಲ. ಹಂಸಿನಿ ತಲೆಯೆತ್ತಿದಳು.

“ಎಣ್ಣೆ ಹಚ್ಚಿದ್ದು ನಾನೇ ಅಮ್ಮ.”

ಅವಳು ಕೈಲ್‌ಮುಹೂರ್ತದ ವಿಷಯ ಹೇಳಿದಳು. ಹಂಸಿನಿ ಮೊದಲು ಕಣ್ಣರಳಿಸಿದಳು, ಆಮೇಲೆ ಕೈಯಲ್ಲಿದ್ದ ತುತ್ತು ಚೆಲ್ಲುವಷ್ಟು ನಕ್ಕಳು. “ಕೋವಿ ಜೊತೆ! ಚಿತ್ರಕ್ಕೆ! ಇದನ್ನ ಯಾವ ಪುಸ್ತಕದಲ್ಲೂ ಬರೆದಿಲ್ಲ ಚೋಮಕ್ಕ.”

“ಹಾಳಾಯ್ತಾ?”

“ಇಲ್ಲ, ಪುಣ್ಯಕ್ಕೆ ತೆಂಗಿನೆಣ್ಣೆ. ಅದು ಬಣ್ಣದ ಜೊತೆ ಸೇರಿ ಗಟ್ಟಿಯಾಗೋದಿಲ್ಲ. ಧೂಳು ಹಿಡ್ಕೊಂಡು ಕಪ್ಪಾಗುತ್ತೆ, ಅಷ್ಟೇ. ಮದ್ದು ಹಾಕಿದ್ರೆ ಬಿಡುತ್ತೆ.” ಆಮೇಲೆ ಕೇಳಿದಳು: “ಕೈ ಯಾಕೆ ನೋಡ್ಬೇಕು ನಿಮಗೆ?”

ಚೋಮಿ ಆ ಪ್ರಶ್ನೆಗೆ ತಯಾರಾಗಿರಲಿಲ್ಲ. ಹೇಳಿದ ಮೇಲೆ ಬೆರಳು ನೆಟ್ಟಗೆ ಬಂದರೆ? ಬಡಾಯಿ ಎರಡನೆಯ ಸಲ, ಈ ಸಲ ಅವಳ ಬಾಯಿಂದ. “ಐವತ್ತು ವರ್ಷ ಒರೆಸಿದ್ದೇನೆ. ಎಂತ ಒರೆಸಿದೆ ಅಂತ ನೋಡ್ಬೇಕು,” ಎಂದಳು. ಅದೂ ಸುಳ್ಳಲ್ಲ.

“ನನಗೂ ನೋಡೋ ಆಸೆಯೇ. ಆದ್ರೆ ಪೂವಯ್ಯನವರು ಹೂಂ ಅನ್ಬೇಕಲ್ಲ. ಅವರು ನಾಲ್ಕು ದಿನಕ್ಕೆ ಒಪ್ಪಿರೋದು ಮೇಲಿನ ಭಾಗಕ್ಕೆ ಮಾತ್ರ.”

ಪೂವಯ್ಯ ಸಂಜೆ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿರುತ್ತಾರೆ. ಚೋಮಿ ಕಾಫಿ ತಂದಳು. ಕೇಳಿಕೊಳ್ಳುವುದರಿಂದ ಆ ಮನೆಯಲ್ಲಿ ಏನೂ ಸಿಗುವುದಿಲ್ಲವೆಂದು ಅವಳಿಗೆ ಗೊತ್ತು. ಅವರೇ ಯೋಚಿಸಿದಂತೆ ಆಗಬೇಕು.

“ದೊಡ್ಡವ್ವನ ಮುಖ ಎಷ್ಟು ಚಂದ ಬಂದಿದೆ ಸಾವ್ಕಾರ್ರೆ.”

“ಹೂಂ.”

“ಕೈ ಮಾತ್ರ ಪಾಪ, ಕಪ್ಪು. ಒಲೆ ಊದಿ ಬಂದ ಹಾಗೆ.”

ಪೇಪರ್ ಸ್ವಲ್ಪ ಕೆಳಗಿಳಿಯಿತು.

“ಅದು ಕಾಣೋದಿಲ್ಲ ಅಂತೆ ಬಿಡಿ. ಶೂಟಿಂಗ್ ಆದ್ಮೇಲೆ ಪಟ ಮತ್ತೆ ಗೋಡೆಗೆ ಹೋಗ್ತದೆ. ಆವಾಗ ಬಂದವರು ನೋಡ್ತಾರೆ. ಮುಖ ಬೆಳ್ಳಗೆ, ಕೈ ಮಸಿ. ಎಂತಾದ್ರೂ ಹೇಳ್ಕೊಳ್ಲಿ.”

“ಯಾರು ಎಂತ ಹೇಳೋದು?” ಪೂವಯ್ಯ ಕೆರಳಿದರು. “ಸುಮಿತಾ! ಆ ಹುಡುಗಿಗೆ ಹೇಳು, ಇಡೀ ಪಟ ಮಾಡ್ಲಿ. ಅರ್ಧಂಬರ್ಧ ಕೆಲಸ ಈ ಮನೆಯಲ್ಲಿ ನಡೆಯೋದಿಲ್ಲ. ಇನ್ನೂ ಎರಡು ದಿನ ಹಿಡಿದ್ರೆ ಹಿಡೀಲಿ.”

ಚೋಮಿ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಐದನೆಯ ದಿನ ಬೆಳಿಗ್ಗೆ ಹಂಸಿನಿ ಕಪ್ಪು ಭಾಗಕ್ಕೆ ಕೈ ಹಚ್ಚಿದಳು. ಮೋಡ ಮುಸುಕಿತ್ತು, ಕಿಟಕಿಯ ಬೆಳಕು ಸಾಲಲಿಲ್ಲ. ಚೋಮಿ ಟಾರ್ಚ್ ಹಿಡಿದು ನಿಂತಳು. ಹಂಸಿನಿ ಬಾಟಲಿಯ ಮದ್ದಿನಲ್ಲಿ ಹತ್ತಿ ಅದ್ದಿ ಉರುಳಿಸುತ್ತಿದ್ದಳು. ಒಂದೊಂದು ಕಡ್ಡಿಯೂ ಕಾಫಿ ಗಸಿಯ ಬಣ್ಣಕ್ಕೆ ತಿರುಗಿ ಬುಟ್ಟಿಗೆ ಬೀಳುತ್ತಿತ್ತು. ಮೊದಲು ಕುರ್ಚಿಯ ತೋಳು ಬಂತು, ಕೆತ್ತಿದ ಸಿಂಹದ ತಲೆ. ಆಮೇಲೆ ಬಳೆಗಳು. ಆಮೇಲೆ ಮಣಿಕಟ್ಟು.

“ಬೆಳಕು ತುಂಬ ಹತ್ತಿರ ಬಂತು ಚೋಮಕ್ಕ.”

“ಕಣ್ಣು ಮಂಜು ಅಮ್ಮ,” ಎಂದಳು. ಕಣ್ಣು ಮಂಜಾಗಿರಲಿಲ್ಲ.

ಹೆಬ್ಬೆರಳು ಬಂತು. ಉಗುರಿನ ಅಂಚಿನಲ್ಲಿ ಚಿತ್ರಗಾರ ಒಂದು ಕಂದು ಗೆರೆ ಎಳೆದಿದ್ದ. ನೆರಳಲ್ಲ, ಬೂದಿಯಲ್ಲಿ ಪಾತ್ರೆ ಉಜ್ಜುವ ಉಗುರಿನ ಅಂಚು. ತೋರುಬೆರಳು, ನಡುಬೆರಳು, ಉಂಗುರಬೆರಳು ಸಿಂಹದ ತಲೆಯನ್ನು ಸುತ್ತಿಕೊಂಡು ಇದ್ದವು. ಹಂಸಿನಿ ಹೊಸ ಕಡ್ಡಿಗೆ ಹತ್ತಿ ಸುತ್ತಿದಳು. ಚೋಮಿಗೆ ಅವಳು ಸುತ್ತುತ್ತಲೇ ಇದ್ದಾಳೆ, ಮುಗಿಸುವುದೇ ಇಲ್ಲ ಎನಿಸಿತು.

ಹತ್ತಿ ಉರುಳಿತು.

ಕಿರುಬೆರಳು ತುದಿಯ ಗೆಣ್ಣಿನಲ್ಲಿ ಒಳಕ್ಕೆ ಬಾಗಿ, ಪಕ್ಕದ ಬೆರಳಿಗೆ ಗುಟ್ಟು ಹೇಳುತ್ತಿತ್ತು.

ಹಂಸಿನಿಗೆ ಅದು ಚಿತ್ರದ ಒಂದು ವಿವರ ಅಷ್ಟೇ. ಬೆಳಕು ಸರಿಮಾಡಿಸಲೆಂದು ತಿರುಗಿದವಳು ಟಾರ್ಚ್ ಹಿಡಿದ ಕೈಯನ್ನು ಕಂಡಳು. ಪಟ ನೋಡಿದಳು, ಮತ್ತೆ ಕೈ ನೋಡಿದಳು.

“ಚೋಮಕ್ಕ. ಇದು…”

“ನನ್ನ ಅವ್ವನ ಅವ್ವ,” ಎಂದಳು ಚೋಮಿ. “ಮಾರಿ ಅಂತ.” ಟಾರ್ಚ್ ಆರಿಸಿ ಸೇರಿಸಿದಳು: “ಸುಳ್ಳಲ್ಲ ಹಾಗಾದ್ರೆ.”

ಅವಳು ಕಥೆಯನ್ನೆಲ್ಲ ಹೇಳಿದಳು. ಹಂಸಿನಿ ಕಡ್ಡಿ ಕೆಳಗಿಟ್ಟು ಕೇಳಿದಳು. ಆಮೇಲೆ ಮಣಿಕಟ್ಟಿನ ಹತ್ತಿರ ಭೂತಗನ್ನಡಿ ಹಿಡಿದಳು. “ನೋಡಿ, ಮುಖದ ಬಣ್ಣವೇ ಬೇರೆ, ಕೈಯ ಬಣ್ಣವೇ ಬೇರೆ. ಎರಡು ಛಾಯೆ ಗಾಢ. ಆತ ಬಳೆಗಳ ಕೆಳಗೆ ಹೊಂದಿಸೋಕೆ ನೋಡಿದ್ದಾನೆ. ಆದ್ರೆ ಬೆರಳು ಕಂಡ ಹಾಗೇ ಬರೆದಿದ್ದಾನೆ. ಸುಳ್ಳು ಬರೆಯೋಕೆ ಕೈ ಬಂದಿಲ್ಲ ಪಾಪ.”

ಬೆರಳ ತುದಿಯಲ್ಲಿ ಇನ್ನೂ ಒಂದು ಚುಕ್ಕೆ ಧೂಳು ಉಳಿದಿತ್ತು. ಹಂಸಿನಿ ಒಂದು ಒಣ ಕಡ್ಡಿಯನ್ನು ಚೋಮಿಯ ಕಡೆ ಚಾಚಿದಳು. “ಇದಕ್ಕೆ ಮದ್ದು ಬೇಡ, ಉಗುಳು ಸಾಕು. ನೀವೇ ಮಾಡಿ. ಒತ್ತಬೇಡಿ, ಉರುಳಿಸಿ.”

ಚೋಮಿ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಹತ್ತಿಯನ್ನು ನಾಲಗೆಯ ಮೇಲಿಟ್ಟು ಒದ್ದೆ ಮಾಡಿ ಅಜ್ಜಿಯ ಕಿರುಬೆರಳನ್ನು ಒರೆಸಿದಳು.

ಮಧ್ಯಾಹ್ನದ ಹೊತ್ತಿಗೆ ಹಜಾರದಲ್ಲಿ ಜನ ಸೇರಿದರು. ಒಡತಿಯ ಪಾತ್ರದ ನಟಿ ಆಗಲೇ ಸೀರೆ ಉಟ್ಟು ಬಂದಿದ್ದಳು. ನೆರಿಗೆಯನ್ನು ಮುಂದೆ ಹಾಕಿಸಿಕೊಂಡಿದ್ದವಳನ್ನು ಸುಮಿತಾ ಮೂರನೆಯ ಸಲ ತಿರುಗಿಸಿ ನಿಲ್ಲಿಸಿ, “ಹಿಂದೆ ರೀ, ಕೊಡಗಿನ ಸೀರೆಗೆ ನೆರಿಗೆ ಹಿಂದೆ,” ಎಂದು ಸರಿಪಡಿಸುತ್ತಿದ್ದಳು. ಪಟ ಕಂಡು ಇಬ್ಬರೂ ಹತ್ತಿರ ಬಂದರು.

“ವಾವ್,” ಎಂದಳು ನಟಿ. “ಆ ಬೆರಳು ನೋಡಿ. ಎಷ್ಟು ನಾಜೂಕಾಗಿ ಬಾಗಿಸಿದ್ದಾರೆ!”

“ಹಳೆ ಮನೆತನದ ಹೆಂಗಸರ ಗತ್ತೇ ಬೇರೆ,” ಎಂದಳು ಸುಮಿತಾ.

ನಟಿ ತನ್ನ ಕಿರುಬೆರಳನ್ನು ಬಾಗಿಸಿ ನೋಡಿದಳು. ಕಾಫಿ ಲೋಟ ಹಾಗೆ ಹಿಡಿದಳು. ಸೆರಗು ಹಾಗೆ ಎಳೆದಳು. “ಇದನ್ನೇ ಇಟ್ಕೊಳ್ತೀನಿ. ಇಡೀ ಕಥೆಯಲ್ಲಿ ನನ್ನ ಬೆರಳು ಹೀಗೇ ಇರುತ್ತೆ.” ಲೋಟ ವಾಲಿ ಸೀರೆಯ ಮೇಲೆ ಕಾಫಿ ಚೆಲ್ಲಿತು.

ಚೋಮಿ ಒರೆಸುವ ಬಟ್ಟೆ ತಂದಳು. ಬಾಗಿ ಒರೆಸುವಾಗ ಅವಳ ಭುಜ ಕುಲುಕುತ್ತಿತ್ತು. ನಗು. ಆ ಬೆರಳಿನಿಂದಾಗಿ ಶಾಲೆಯಲ್ಲಿ ಅವಳನ್ನು ‘ಏಡಿ’ ಎಂದು ಕರೆಯುತ್ತಿದ್ದರು.

ಅಷ್ಟರಲ್ಲಿ ಪೂವಯ್ಯ ಕೋಲೂರಿ ಬಂದರು. ಮುಖವನ್ನು ಬಹಳ ಹೊತ್ತು ನೋಡಿದರು. ಕಣ್ಣು ಕೈಗೆ ಇಳಿದಾಗ ಹುಬ್ಬು ಗಂಟಾಯಿತು.

“ಇದು ದೊಡ್ಡವ್ವನ ಕೈ ಅಲ್ಲ.”

“ಮಾವ, ಪಟದಲ್ಲಿ ಉಂಟಲ್ಲ,” ಎಂದಳು ಸುಮಿತಾ.

“ಆ ಕೈಯಲ್ಲಿ ನಾನು ಊಟ ಮಾಡಿದ್ದೇನೆ, ಏಟೂ ತಿಂದಿದ್ದೇನೆ. ದೊಡ್ಡವ್ವನ ಕೈ ಇಷ್ಟು ಸಣ್ಣ ಅಲ್ಲ. ಗಂಡಸಿನ ಕೈ ಹಾಗೆ, ಬೆರಳೆಲ್ಲ ಕಡ್ಡಿ ಹಾಗೆ ನೆಟ್ಟಗೆ. ಪಟದವನಿಗೆ ಕೈ ಬರೀಲಿಕ್ಕೆ ಬರ್ತಿರ್ಲಿಲ್ಲ, ಅಷ್ಟೇ.” ಅವರು ಹಂಸಿನಿಯ ಕಡೆ ತಿರುಗಿದರು. “ಈ ಬೆರಳು ಸರಿ ಮಾಡ್ಲಿಕ್ಕೆ ಆಗ್ತದಾ? ನೆಟ್ಟಗೆ?”

ಹಂಸಿನಿ ಬಾಯಿ ತೆರೆದಳು. ಅವಳಿಗಿಂತ ಮೊದಲು ಚೋಮಿ ಎದ್ದು ನಿಂತಳು. ಕೈಯಲ್ಲಿ ಕಾಫಿ ಹೀರಿದ ಬಟ್ಟೆ ಇತ್ತು.

“ಅವನಿಗೆ ಬರೀಲಿಕ್ಕೆ ಬರ್ತಿತ್ತು ಸಾವ್ಕಾರ್ರೆ. ಕಂಡದ್ದನ್ನೇ ಬರೆದ.”

ಬಟ್ಟೆಯನ್ನು ಎಡಗೈಗೆ ಹಾಕಿ ಬಲಗೈಯನ್ನು ಪಟದ ಕೈಯ ಪಕ್ಕಕ್ಕೆ ಹಿಡಿದಳು. ನಟಿ ತನ್ನ ಬಾಗಿಸಿದ ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿಕೊಂಡಳು.

ಪೂವಯ್ಯ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಕಾಳಮ್ಮಂಗೂ ಹೀಗೇ ಇತ್ತು,” ಎಂದರು ಕೊನೆಗೆ. “ನನ್ನ ಎಣ್ಣೆ ಸ್ನಾನಕ್ಕೆ ಬಚ್ಚಲಲ್ಲಿ ನೀರು ತುಂಬ್ತಿದ್ಳು. ಬಿಂದಿಗೆ ಕಂಠದ ಮೇಲೆ ಆ ಬೆರಳು ಪಕ್ಕದ ಬೆರಳಿಗೆ ಒರಗಿರ್ತಿತ್ತು. ನಾವು ನಗ್ತಿದ್ದೆವು.” ಪಟದ ಕೈ ತೋರಿಸಿ ಕೇಳಿದರು: “ಇದು ಯಾರು?”

“ಮಾರಿ. ದೊಡ್ಡವ್ವಂಗೆ ಕೂರ್ಲಿಕ್ಕೆ ಪುರುಸೊತ್ತಿರ್ಲಿಲ್ಲ. ಅದಕ್ಕೆ ಕೂರ್ಸಿದ್ರು.”

“ಅದು ಹೌದು,” ಎಂದರು ಪೂವಯ್ಯ, ತಮಗೇ ಹೇಳಿಕೊಂಡಂತೆ. “ದೊಡ್ಡವ್ವ ಕೂತದ್ದನ್ನು ನಾನು ಈ ಪಟದಲ್ಲಿ ಮಾತ್ರ ಕಂಡದ್ದು.”

ಸುಮಿತಾಳ ಮುಖ ಕೆಂಪಾಗಿತ್ತು. ಪಟದ ಕೆಳಗೆ ಇಡಲು ಅವಳು ದೊಡ್ಡವ್ವನ ಹೆಸರಿನ ಒಂದು ಕಾರ್ಡ್ ಅಚ್ಚು ಹಾಕಿಸಿದ್ದಳು. “ಕಾರ್ಡಿನಲ್ಲಿ ಈಗ ಎಂತ ಬರೆಯೋದು ಮಾವ?” ಎಂದು ಪಿಸುಗುಟ್ಟಿದಳು. “ಬೆರಳು ಮುಟ್ಟಬೇಡ,” ಎಂದು ಪೂವಯ್ಯ ಹಂಸಿನಿಗೆ ಹೇಳಿ ಜಗಲಿಗೆ ಹೋದರು.

ಹಂಸಿನಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಚಿತ್ರದಲ್ಲಿ ಬೆಳಕು ಎಡದಿಂದ ಬಿದ್ದಿದೆ, ಹಿಂದೆ ಕಂಬದ ಅಂಚು ಕಾಣುತ್ತದೆ. ಹಾಗಾದರೆ ಕುರ್ಚಿ ಎಲ್ಲಿತ್ತು? ಅದೇ ಸಿಂಹದ ತಲೆಯ ಕುರ್ಚಿ ಈಗಲೂ ಮೂಲೆಯಲ್ಲಿತ್ತು. ನಟಿಯೂ ಅವಳೂ ಸೇರಿ ಅದನ್ನು ಎಳೆದು ಎರಡನೆಯ ಕಿಟಕಿಯ ಮುಂದಿಟ್ಟರು.

“ಚೋಮಕ್ಕ, ಸ್ವಲ್ಪ ಕೂತ್ಕೊಳ್ಳಿ. ಕೈ ಎಲ್ಲಿಗೆ ಬರುತ್ತೆ ನೋಡೋಣ.”

ಆ ಕುರ್ಚಿಯ ಪ್ರತಿ ಕೆತ್ತನೆಯ ಸಂದಿಯನ್ನೂ ಚೋಮಿ ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿದ್ದಳು. ಕೂತಿರಲಿಲ್ಲ. ಬೇಡವೆನ್ನುವ ಮಾತು ಬಾಯಿಗೆ ಬಂತು. ಆದರೆ ಕುತೂಹಲ ಅದಕ್ಕಿಂತ ದೊಡ್ಡದಿತ್ತು. ನಾಲ್ಕು ದಿನ ಇಲ್ಲಿ ಕೂತು ಅಜ್ಜಿ ನೋಡಿದ್ದು ಏನನ್ನು?

ಕೂತಳು. ಕುರ್ಚಿ ಗಟ್ಟಿ, ಬೆನ್ನಿಗೆ ಕೆತ್ತನೆ ಒತ್ತುತ್ತಿತ್ತು. ಕಾಲು ನೆಲಕ್ಕೆ ಸರಿಯಾಗಿ ತಾಗಲಿಲ್ಲ. ಬಲಗೈಯನ್ನು ಸಿಂಹದ ತಲೆಯ ಮೇಲಿಟ್ಟು ಮುಖ ಎತ್ತಿದಳು.

ಎದುರಿಗೆ ಹಜಾರದ ಬಾಗಿಲು. ಅದರ ನೇರಕ್ಕೆ ನಡುಮನೆಯ ಬಾಗಿಲು. ಅದರ ನೇರಕ್ಕೆ ಹಿತ್ತಿಲ ಬಾಗಿಲು. ಗಾಳಿ ಹಾಯಲೆಂದು ಒಂದೇ ಗೆರೆಯಲ್ಲಿ ಕಟ್ಟಿಸಿದ್ದಾರೆ ಎಂದು ಬಂದವರಿಗೆ ಸುಮಿತಾ ವಿವರಿಸುತ್ತಾಳೆ. ಮೂರು ಬಾಗಿಲುಗಳ ಆ ತುದಿಯಲ್ಲಿ, ಬಿಸಿಲು ಬಿದ್ದ ಹಿತ್ತಿಲಲ್ಲಿ, ಪಾತ್ರೆ ತೊಳೆಯುವ ಕಲ್ಲು ಕಾಣುತ್ತಿತ್ತು. ಕಲ್ಲಿನ ಪಕ್ಕದಲ್ಲಿ ಶೂಟಿಂಗಿನವರ ಊಟದ ಪಾತ್ರೆಗಳು ರಾಶಿ ಬಿದ್ದಿದ್ದವು.

ಚೋಮಿಗೆ ಅವ್ವನ ಕಥೆಯ ಕೊನೆಯ ಸಾಲು ನೆನಪಾಯಿತು. ಚಿಕ್ಕವಳಿದ್ದಾಗ ಅರ್ಥವಾಗಿರದ ಸಾಲು. ‘ನಾಲ್ಕು ದಿನ ಕೂತೆ, ನಾಲ್ಕು ದಿನದ ಪಾತ್ರೆ ನನ್ನನ್ನೇ ನೋಡ್ತಾ ಇತ್ತು’ ಎನ್ನುತ್ತಿದ್ದಳಂತೆ ಮಾರಿ.

“ಹಾಗೇ ಇರಿ!” ಎಂದಳು ನಟಿ. ಅವಳು ಪಟವನ್ನೂ ಚೋಮಿಯನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು. “ನಾನು ತಪ್ಪಾಗಿ ಹಿಡೀತಿದ್ದೆ. ನಿಮ್ಮ ಕೈ ಕುರ್ಚಿ ಮೇಲೆ ಸುಮ್ಮನೆ ಇಟ್ಟ ಹಾಗಿಲ್ಲ. ಹೇಗೆ ಅದು?”

ಚೋಮಿ ತನ್ನ ಕೈ ನೋಡಿಕೊಂಡಳು. ಆಮೇಲೆ ಪಟದ ಕೈ. ಮೂರು ಬೆರಳು ಸಿಂಹವನ್ನು ಗಟ್ಟಿಯಾಗಿ ಹಿಡಿದಿವೆ, ಮಣಿಕಟ್ಟು ಸ್ವಲ್ಪ ಎದ್ದಿದೆ, ಭಾರವೆಲ್ಲ ಅಂಗೈ ಮೇಲಿದೆ.

“ಕೂತವಳ ಕೈ ಅಲ್ಲ ಇದು,” ಎಂದಳು. “ಏಳುವವಳ ಕೈ. ಹೊಟ್ಟೆ ಭಾರ, ಊರಿಕೊಳ್ದೆ ಏಳ್ಲಿಕ್ಕಾಗೋದಿಲ್ಲ. ನೀವು ಮೊದ್ಲು ಏಳ್ಬೇಕು ಅಂತ ಅಂದ್ಕೊಳ್ಳಿ. ಅಲ್ಲಿ ಪಾತ್ರೆ ಬಿದ್ದಿದೆ ಅಂದ್ಕೊಳ್ಳಿ. ಆಮೇಲೆ ಏಳಬೇಡಿ.”

ಕುರ್ಚಿಯನ್ನು ಅವಳು ಬಿಟ್ಟುಕೊಟ್ಟಳು. ನಟಿ ಕೂತಳು, ಹಿತ್ತಿಲ ಕಡೆ ನೋಡಿದಳು, ಸಿಂಹದ ತಲೆ ಹಿಡಿದಳು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಅವಳ ಭುಜ ಮುಂದಕ್ಕೆ ಬಂತು, ಕಣ್ಣಿನಲ್ಲಿ ಅವಸರ ಬಂತು. ನೆಟ್ಟಗಿದ್ದ ಬೆರಳಿನಲ್ಲೂ ಆ ಕೈ ಪಟದ ಕೈಯ ಹಾಗೆ ಕಂಡಿತು.

“ಈಗ ಸರಿ,” ಎಂದಳು ಚೋಮಿ.

ಸಂಜೆ ಲೈನಿಗೆ ಹೋದ ಮೇಲೆ ಅವಳು ಟೀವಿ ಹಾಕಲಿಲ್ಲ. ಪುಸ್ತಕ ಹಿಡಿದು ಕೂತಿದ್ದ ಲಿಖಿತಾಳ ಪಕ್ಕ ಕೂತಳು. ಮೊಮ್ಮಗಳ ಬಲಗೈಯನ್ನು ಎಳೆದುಕೊಂಡು ಕಿರುಬೆರಳನ್ನು ತಿರುಗಿಸಿ ನೋಡಿದಳು.

“ಎಂತ ಅಜ್ಜಿ?”

“ನಿನ್ನದು ನೆಟ್ಟಗೆ ಉಂಟು.”

“ಹೌದಲ್ಲ, ನಿನ್ನ ಹಾಗೆ ಇಲ್ಲ, ಪುಣ್ಯ!”

“ಪುಣ್ಯ ಎಂತದು,” ಎಂದಳು ಚೋಮಿ. “ನಾಳೆ ರಜೆ ಅಲ್ವಾ, ನನ್ನ ಜೊತೆ ಬಾ. ಹಿತ್ತಿಲಿಂದ ಬೇಡ, ಮುಂದಿನ ಬಾಗಿಲಿಂದ ಹೋಗುವ. ನಿನ್ನ ಕಾಳಜ್ಜಿ ಒಂದು ಕಥೆ ಹೇಳ್ತಿದ್ಳು. ಅದನ್ನು ನಾನು ನಡುವಲ್ಲಿ ನಿಲ್ಲಿಸಿಬಿಟ್ಟೆ.”